ಹನ್ನೆರಡು ಇಂಚೋ, ಹದಿನಾರು ಇಂಚೋ

ನಮ್ಮ ಮನೆಯ ಮೆಟ್ಟಿಲ ಕೆಳಗೆ, ನನ್ನ ಸ್ಕೂಟರಿಗೂ ಅಣ್ಣನ ಸ್ಕೂಟರಿಗೂ ನಡುವೆ, ಒಂದು ಯಂತ್ರ ನಿಂತಿದೆ. ಎರಡು ಚಕ್ರ, ಉದ್ದನೆಯ ಹಿಡಿ, ಚಕ್ರಗಳ ನಡುವೆ ಹಗ್ಗ ಹೊಸೆದಂತೆ ತಿರುಚಿಕೊಂಡ ಐದು ಅಲಗು. ಮೊನ್ನೆ ಪಾರ್ಸೆಲ್ ತಂದವನು ಅದನ್ನು ನೋಡಿ, "ಇದೇನ್ ಸಾರ್, ಮಗು ತಳ್ಳೋ ಗಾಡಿನಾ?" ಎಂದು ಕೇಳಿದ. ಬಗ್ಗಿ ಅಲಗು ನೋಡಿದ ಮೇಲೆ ಮಗುವಿನ ಮಾತನ್ನು ಅವನೇ ಹಿಂದಕ್ಕೆ ತೆಗೆದುಕೊಂಡ.

"ಹುಲ್ಲು ಕತ್ತರಿಸೋದು" ಎಂದೆ.

"ಕರೆಂಟಿಂದಾ?"

"ಅಲ್ಲ."

"ಪೆಟ್ರೋಲಾ?"

"ಅದೂ ಅಲ್ಲ. ತಳ್ಳಬೇಕು."

"ಅಷ್ಟೇನಾ!" ಎಂದು ಸಹಿ ಹಾಕಿಸಿಕೊಂಡು ಹೋದ.

ಅಷ್ಟೇ ಅಲ್ಲ ಸ್ವಾಮಿ. ನಾನು ಹೆಣ್ಣು ನೋಡಲು ಹೋದಾಗ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಗೆ ಕೊಟ್ಟು ಬಂದವನು. ಈ ಮನೆಗೆ ಫ್ರಿಜ್ ಬಂದಿದೆ, ಕಾರು ಬಂದಿದೆ. ಯಾವುದಕ್ಕೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ. ಹುಲ್ಲಿನ ಮಿಷನ್ನು ಆರಿಸುವುದಕ್ಕೆ ಎರಡು ಸಂಸಾರಗಳು, ಒಂದು ಇಡೀ ಶ್ರಾವಣ ಮಾಸ ಮತ್ತು ಅಣ್ಣನ ಬಲಗಾಲಿನ ಹೆಬ್ಬೆರಳು ಬೇಕಾದವು.

ಲಾನ್ ಅಂದ ಕೂಡಲೇ ನೀವು ಕ್ಲಬ್ಬು, ಕಾರಂಜಿ ಅಂತ ಕಲ್ಪಿಸಿಕೊಳ್ಳಬೇಡಿ. ನಮ್ಮದು ಗಂಗಾನಗರದ ಹಳೆಯ ಮನೆ. ಒಂದು ಕಡೆ ಗೇಟು, ಒಂದು ಕಡೆ ಸಂಪು, ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಮನೆ. ನಡುವೆ ಉಳಿದದ್ದು ಲಾನು. ಇಲ್ಲಿ ನಿಂತು ಒಬ್ಬರು ಜೋರಾಗಿ ಸೀನಿದರೆ ಪಕ್ಕದ ಮನೆಯವರು ತಮ್ಮ ಅಡುಗೆಮನೆಯಿಂದಲೇ "ಶತಾಯುಷ್ಯ" ಅನ್ನುತ್ತಾರೆ, ಅಷ್ಟು ಅಗಲ.

ಅದನ್ನು ಬೆಳೆಸಿದ್ದು ನಮ್ಮಪ್ಪ. ಅಪ್ಪನ ಊರು ಮಾಕಳಿಯ ಆಚೆ. ಹುಲ್ಲು ಅಂದರೆ ದನದ ಬಾಯಿಗೆ ಹೋಗುವ ಪದಾರ್ಥ ಎಂದು ಹುಟ್ಟಿದಂದಿನಿಂದ ನಂಬಿದ ಮನೆತನ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದ ಅಪ್ಪ ಒಂದು ದಿನ ಯಾವುದೋ ಫೈಲು ಹಿಡಿದು ಸಾಹೇಬರ ಬಂಗಲೆಗೆ ಹೋದರಂತೆ. ಸಾಹೇಬರು ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದರಂತೆ. ಅಪ್ಪನ ತಲೆಯಲ್ಲಿ ಅದು ಕೂತುಬಿಟ್ಟಿತು. ಮನೆ ಕಟ್ಟುವಾಗ ಮೇಸ್ತ್ರಿ ಎಷ್ಟು ಹೇಳಿದರೂ ಕೇಳದೆ ಮುಂದಿನ ಜಾಗ ಹಾಗೇ ಬಿಡಿಸಿದರು. ಹೆಬ್ಬಾಳದ ನರ್ಸರಿಯಿಂದ ಗೋಣಿಚೀಲದಲ್ಲಿ ಹುಲ್ಲು ತಂದು, ನಾಟಿ ಹಾಕುವ ಹಾಗೆ ಒಂದೊಂದೇ ಗರಿಕೆ ನೆಟ್ಟರು. ಅಣ್ಣ, ನಾನು ಕೊಡದಲ್ಲಿ ನೀರು ಹೊತ್ತೆವು. ಹುಲ್ಲು ಚಿಗುರಿದ ದಿನ ಕಾಯಿದೆಗಳೂ ಚಿಗುರಿದವು. ಚಪ್ಪಲಿ ಹಾಕಿ ಕಾಲಿಡಬಾರದು, ಕಡ್ಲೆಕಾಯಿ ತಿಂದು ಸಿಪ್ಪೆ ಹಾಕಬಾರದು, ಗೋಲಿಗೆ ಗುಂಡಿ ತೋಡಬಾರದು. "ಹಾಗಾದ್ರೆ ಏನ್ ಮಾಡ್ಬಹುದಪ್ಪ?" ಎಂದು ಅಣ್ಣ ಕೇಳಿದ. "ನೋಡಬಹುದು" ಎಂದರು ಅಪ್ಪ.

ಆ ಸಲ ಊರಿಂದ ಅಜ್ಜಿ ಬಂದಳು. ಗೇಟು ದಾಟಿದವಳು ಗಕ್ಕನೆ ನಿಂತಳು.

"ಏನ್ಲಾ ಇದು, ಉಲ್ಲು ಆಕಿದೀಯಾ?"

"ಲಾನ್ ಕಣವ್ವ."

"ಅದ್ಸರಿ, ಅಸ ಎಲ್ಲಿ?"

"ಹಸು ಇಲ್ಲ ಕಣವ್ವ. ಇದು ಸುಮ್ನೆ ನೋಡೋಕೆ."

"ಉಲ್ಲ ಏನ್ಲಾ ನೋಡೋದು? ಅದೇನು ಸಿನಿಮಾನಾ?"

ಅಪ್ಪ ಒಳಗೆ ಹೋದರು. ಮರುದಿನ ಸಂಜೆ, ಬಹಳ ದಿನದಿಂದ ತಾವು ಕರೆಯುತ್ತಿದ್ದ ಸಾಹೇಬರನ್ನು ಲಾನ್ ತೋರಿಸಲೆಂದೇ ಮನೆಗೆ ಕರೆದುಕೊಂಡು ಬಂದರು. ಗೇಟು ತೆಗೆದು, "ಬನ್ನಿ ಸಾರ್, ಇದೇ ನಮ್ಮ..." ಎನ್ನುವಷ್ಟರಲ್ಲಿ ಮಾತು ಅಲ್ಲೇ ನಿಂತಿತು. ಲಾನಿನ ಮಧ್ಯೆ ಹಾಲಿನವನ ಹಸು. ಪಕ್ಕದಲ್ಲಿ ಅದರ ಕರು. ಮೆಟ್ಟಿಲ ಮೇಲೆ ಕೂತ ಅಜ್ಜಿ, "ತಿನ್ನವ್ವ, ಆ ಮೂಲೇದು ಬಿಟ್ಟುಬಿಟ್ಟೆ ನೋಡು" ಎಂದು ಉಪಚಾರ ಮಾಡುತ್ತಿದ್ದಾಳೆ. ಸಾಹೇಬರು ದೊಡ್ಡ ಮನುಷ್ಯರು. ಸ್ವಲ್ಪ ಹೊತ್ತು ನೋಡಿ, "ಹಸು ಚೆನ್ನಾಗಿದೆ ಕಣ್ರೀ" ಎಂದರು. ಆಮೇಲೆ ಅದೇ ಹಸುವಿನ ಹಾಲಿನ ಕಾಫಿ ಕುಡಿದು ಹೋದರು.

ಇರಲಿ, ಹೇಳಹೊರಟಿದ್ದು ಮಿಷನ್ನಿನ ವಿಷಯ. ಅಪ್ಪ ಹೋದ ಮೇಲೆ ಕೆಳಗಿನ ಮನೆ ನನಗೆ, ಮಹಡಿ ಅಣ್ಣನಿಗೆ ಬಂತು. ಲಾನು ಮಾತ್ರ ಇಬ್ಬರದೂ. ಅಣ್ಣ ಕರೆಂಟ್ ಆಫೀಸಿನಲ್ಲಿದ್ದು ನಿವೃತ್ತನಾದವನು. ನಾನು ವಿಮೆ ಆಫೀಸಿನವನು, ಇನ್ನೂ ಸ್ವಲ್ಪ ಸರ್ವೀಸು ಬಾಕಿ. ಅವನ ಹೆಂಡತಿ ವಿಮಲತ್ತಿಗೆ, ನನ್ನ ಹೆಂಡತಿ ಸುಮಾ, ಅಣ್ಣನ ಒಬ್ಬಳೇ ಮಗಳು ಪಲ್ಲವಿ. ನಮಗೆ ಮಕ್ಕಳಿಲ್ಲ. ಪಲ್ಲವಿ ಮಹಡಿಯಲ್ಲಿ ಹುಟ್ಟಿ ಕೆಳಗಿನ ಮನೆಯಲ್ಲಿ ಬೆಳೆದವಳು ಅಂದರೆ ತಪ್ಪಾಗಲಾರದು.

ಇಷ್ಟೇ ಜನ. ಅದರಲ್ಲೂ ಅಣ್ಣನಿಗೂ ನನಗೂ ಮಾತಿಲ್ಲ.

ಕಾರಣ ಕೇಳಿದರೆ ನಗುತ್ತೀರಿ. ಎರಡು ಬೇಸಿಗೆಯ ಹಿಂದೆ, ಊರಿಗೆಲ್ಲ ನೀರಿಲ್ಲದ ಕಾಲದಲ್ಲಿ, ಒಂದು ಬೆಳಗ್ಗೆ ನಮ್ಮ ಓವರ್‌ಹೆಡ್ ಟ್ಯಾಂಕು ತುಂಬಿ ಹರಿದು ಬೀದಿಯೆಲ್ಲ ಹೊಳೆಯಾಯಿತು. ಬೀದಿಯವರು ಬಂದು ಉಗಿದರು. ಅವರು ಹೋದ ಮೇಲೆ ನಾವಿಬ್ಬರೂ ಪರಸ್ಪರ ಉಗಿದುಕೊಂಡೆವು. "ಮೋಟಾರ್ ಹಾಕಿದವರು ಆಫ್ ಮಾಡ್ಬೇಕು" ಎಂದ ಅಣ್ಣ. "ಹಾಕಿದ್ದು ನಾನಲ್ಲ" ಎಂದೆ. "ಹಾಗಾದ್ರೆ ನಾನಾ?" ಎಂದ. ಮೋಟಾರ್ ಹಾಕಿದವರು ಯಾರೆಂದು ಇವತ್ತಿಗೂ ತಿಳಿದಿಲ್ಲ. ಆವತ್ತು ಒಂದು ದಿನ ಮಾತಾಡಬಾರದು ಎಂದುಕೊಂಡಿದ್ದೆ, ಅಷ್ಟೇ. ಅವನೂ ಹಾಗೇ ಅಂದುಕೊಂಡಿರಬೇಕು. ಮಾತು ಬಿಡುವುದು ಸುಲಭ. ಮತ್ತೆ ಹಿಡಿಯಬೇಕೆಂದರೆ ನೂಲುಂಡೆಯ ತುದಿಯಂತೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೆಂಗಸರಿಗೆ ಈ ಜಗಳ ಯಾವ ಅಡ್ಡಿಯನ್ನೂ ಮಾಡಲಿಲ್ಲ. ನಮ್ಮ ಹುಳಿ ಮೇಲಕ್ಕೆ ಹೋಗುತ್ತಿತ್ತು, ಅವರ ಪಲ್ಯ ಕೆಳಕ್ಕೆ ಬರುತ್ತಿತ್ತು. ಬಟ್ಟಲು ವಾಪಸು ಕೊಡಲು ಹೋದವಳು ಒಂದು ಗಂಟೆ ಬಿಟ್ಟು ಬರುತ್ತಿದ್ದಳು. ಏನಾದರೂ ಮುಖ್ಯ ವಿಷಯವಿದ್ದರೆ ಅಣ್ಣ ಅತ್ತಿಗೆಗೆ ಹೇಳುತ್ತಿದ್ದ, ಅತ್ತಿಗೆ ಸುಮಾಗೆ, ಸುಮಾ ನನಗೆ. ಹೀಗೆ ಬಂದ ಮಾತಿನಲ್ಲಿ ಬೈಗುಳ ಎಲ್ಲ ಜರಡಿ ಹಿಡಿದು ಹೋಗಿ ಬರೀ ಸಾರಾಂಶ ಸಿಗುತ್ತಿತ್ತು. ನಮ್ಮ ಆಫೀಸಿನಲ್ಲಿ ಕೂಡ ಇಷ್ಟು ಒಳ್ಳೆಯ ವ್ಯವಸ್ಥೆ ಇಲ್ಲ.

ಈ ನಡುವೆ ಹುಲ್ಲು ಬೆಳೆಯಿತು. ತಿಂಗಳಿಗೊಮ್ಮೆ ಹೆಗಲಿಗೆ ಮಿಷನ್ನು ಹಾಕಿಕೊಂಡು ಬಂದು ಕತ್ತರಿಸಿ ಹೋಗುತ್ತಿದ್ದವನಿಗೆ ಯಲಹಂಕದ ಕಡೆ ಯಾವುದೋ ಅಪಾರ್ಟ್‌ಮೆಂಟಿನ ಕಂಟ್ರಾಕ್ಟು ಸಿಕ್ಕಿತು. ಅವನು ಬರುವುದು ನಿಲ್ಲಿಸಿದ. ಇನ್ನೊಬ್ಬನನ್ನು ಹುಡುಕಬೇಕಾದರೆ ಅಣ್ಣ ತಮ್ಮ ಕೂತು ಮಾತಾಡಬೇಕಲ್ಲ? ಮುಂಗಾರು ಬೇರೆ ಚೆನ್ನಾಗಿ ಹಿಡಿಯಿತು. ಹುಲ್ಲು ಕಣಕಾಲಿಗೆ ಬಂತು, ಆಮೇಲೆ ಮೊಣಕಾಲಿಗೆ. ಪೇಪರಿನವನು ಗೇಟಿನಾಚೆಯಿಂದ ಎಸೆದ ಎರಡು ಪೇಪರು ಅದರಲ್ಲಿ ಮುಳುಗಿ ಹೋಗುತ್ತಿದ್ದವು. ಬೆಳಗ್ಗೆ ಎದ್ದು ಬನಿಯನ್, ಪಂಚೆಯಲ್ಲಿ ನಾನು ಒಂದು ಕಡೆಯಿಂದ, ಅಣ್ಣ ಇನ್ನೊಂದು ಕಡೆಯಿಂದ, ಕೆರೆಯಲ್ಲಿ ಮೀನು ತಡಕುವವರ ಹಾಗೆ ಕಾಲಾಡಿಸುತ್ತಿದ್ದೆವು. ಯಾರಿಗೆ ಪೇಪರು ಸಿಗುತ್ತದೋ ಅವರದ್ದೇ. ಸಿಗದ ದಿನ ಸುದ್ದಿ ಇಲ್ಲ.

ಆಗ ಪಲ್ಲವಿಯ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ಅವಳ ಆಫೀಸಿನವನೇ, ಒಳ್ಳೆಯವನು. ಅಣ್ಣ ಛತ್ರ ನೋಡುತ್ತೇನೆ ಎಂದರೆ ಹುಡುಗಿ ಒಪ್ಪಲಿಲ್ಲ. "ಪೂಜೆ ಮೇಲೆ, ಶಾಸ್ತ್ರ ಲಾನಲ್ಲಿ. ತಾತನ ಲಾನಲ್ಲೇ ಆಗ್ಬೇಕು" ಎಂದು ಪಟ್ಟು ಹಿಡಿದಳು. ಅಣ್ಣ ಅತ್ತಿಗೆ ಕುಂಕುಮದ ಬಟ್ಟಲು, ಅಕ್ಷತೆ ಹಿಡಿದು ಕರೆಯಲು ಹೊರಟರು. ಸೋಲದೇವನಹಳ್ಳಿಗೆ ಹೋಗಿ ನಮ್ಮ ಸೋದರತ್ತೆಯನ್ನು ಕರೆದು ಬಂದರು. ಮಾಕಳಿಯ ಆಚೆ ಹೋಗಿ, ನಮಗೇ ಹೆಸರು ನೆನಪಿಲ್ಲದ ದಾಯಾದಿಗಳನ್ನು ಕರೆದು ಬಂದರು. ಒಂದು ಮಹಡಿ ಇಳಿದು ನಮ್ಮನ್ನು ಮಾತ್ರ ಕರೆಯಲಿಲ್ಲ.

ಅತ್ತಿಗೆ ಸುಮಾಗೆ ಹೇಳಿದ್ದರು ನಿಜ. ಪಲ್ಲವಿಯಂತೂ, "ಚಿಕ್ಕಪ್ಪ, ನೀವು ಆ ಸಿಲ್ಕ್ ಪಂಚೆನೇ ಉಡ್ಬೇಕು" ಎಂದು ನನ್ನ ಬಟ್ಟೆಯನ್ನೂ ನಿರ್ಧಾರ ಮಾಡಿಯಾಗಿತ್ತು. ಆದರೆ ಮನೆಯ ಯಜಮಾನ ಬಾಯಿ ಬಿಟ್ಟು ಕರೆಯದೆ ಹೋಗುವುದುಂಟೇ?

"ನಾನು ಬರಲ್ಲ" ಎಂದೆ ಸುಮಾಗೆ.

"ನಮ್ಮ ಬಾಗಿಲ ಮುಂದೇನೇ ನಡೆಯೋ ಫಂಕ್ಷನ್ನು. ಬರದೆ ಎಲ್ಲಿಗೆ ಹೋಗ್ತೀರಿ?"

"ಕಿಟಕಿಯಿಂದ ನೋಡ್ತೀನಿ."

"ನೋಡಿ. ಊಟಾನೂ ಕಿಟಕಿಯಿಂದಾನೇ ಕೊಡಿಸ್ತೀನಿ" ಎಂದು ಅವಳು ಸೊಪ್ಪು ಬಿಡಿಸತೊಡಗಿದಳು. ಅವಳಿಗೆ ತಮಾಷೆ. ನನಗೆ ಮಾತ್ರ ಆ ರಾತ್ರಿ ಅನ್ನ ಇಳಿಯಲಿಲ್ಲ. ಆ ಹುಡುಗಿ ಮೊದಲ ಸಲ ಸೈಕಲ್ ಹತ್ತಿದಾಗ ಹಿಂದೆ ಹಿಡಿದು ಓಡಿದವನು ನಾನು. ಅವಳ ಶಾಸ್ತ್ರದಲ್ಲಿ ಗ್ರಿಲ್ಲಿನ ಹಿಂದೆ ಕೈದಿಯಂತೆ ನಿಲ್ಲಬೇಕಲ್ಲ! ಆದರೆ ಹಟ ಅನ್ನುವುದಿದೆಯಲ್ಲ, ಅದು ನಮ್ಮ ಮನೆತನದ ಪಿತ್ರಾರ್ಜಿತ. ಅದರಲ್ಲಿ ಅಣ್ಣನಿಗೆಷ್ಟು ಪಾಲೋ ನನಗೂ ಅಷ್ಟೇ.

ಮೊದಲು ಹುಲ್ಲು ಕತ್ತರಿಸಬೇಕಿತ್ತು. ಬಾಡಿಗೆಗೆ ಜನ ಕರೆಸೋಣ ಎಂದರೆ ಹಬ್ಬದ ಸಾಲು, ಯಾರೂ ಸಿಗಲಿಲ್ಲ. ಹೇಗೂ ಮುಂದಕ್ಕೂ ಬೇಕು, ಒಂದು ಮಿಷನ್ನು ಕೊಂಡುಬಿಡೋಣ ಎಂದು ಹೆಂಗಸರು ತೀರ್ಮಾನಿಸಿದರು. ನಾನು ಎಲೆಕ್ಟ್ರಿಕ್ ಮಿಷನ್ನು ತರೋಣ ಎಂದು ಹೇಳಿ ಕಳಿಸಿದೆ. ಮೇಲಿನಿಂದ ಉತ್ತರ ಬಂತು: "ಪ್ಲಗ್ಗು ಯಾರ ಮೀಟರಿಂದ?" ಕರೆಂಟ್ ಆಫೀಸಿನ ಬುದ್ಧಿ ನೋಡಿ! ಕೆಳಗಿನಿಂದ ಎಂದರೆ ನನಗೆ ಬೇಜಾರು, ಮೇಲಿನಿಂದ ಎಂದರೆ ಅವನಿಗೆ. ಅರ್ಧ ಲಾನು ಕೆಳಗಿನ ವೈರಿನಲ್ಲಿ, ಅರ್ಧ ಮೇಲಿನ ವೈರಿನಲ್ಲಿ ಕತ್ತರಿಸುವುದು ಎಂಬ ಸೂಚನೆಯನ್ನು ಸುಮಾ ಮೇಲಕ್ಕೆ ಒಯ್ಯಲು ನಿರಾಕರಿಸಿದಳು. ಆಮೇಲೆ ಅಣ್ಣ ಪೆಟ್ರೋಲ್ ಮಿಷನ್ನು ಎಂದ. ಪೆಟ್ರೋಲ್ ಡಬ್ಬ ಎಲ್ಲಿಡುವುದು? ಮೆಟ್ಟಿಲ ಕೆಳಗೆ, ಅಂದರೆ ನನ್ನ ಮಲಗುವ ಕೋಣೆಯ ಗೋಡೆಗೆ. ಇಡೀ ಜೀವನ ಬೆಂಕಿ ಅನಾಹುತದ ಕ್ಲೇಮು ನೋಡಿದವನು ನಾನು. "ಬೇಕಿದ್ದರೆ ಅವನ ಪೂಜಾ ರೂಮಲ್ಲಿ ಇಟ್ಟುಕೊಳ್ಳಲಿ" ಎಂದು ಹೇಳಿ ಕಳಿಸಿದೆ. ಇದೂ ಜರಡಿ ಹಿಡಿದು "ಬೇಡವಂತೆ" ಎಂದು ಮುಟ್ಟಿತು.

ಹೀಗೆ ಕರೆಂಟು ಪೆಟ್ರೋಲು ಎರಡೂ ಬಿದ್ದುಹೋಗಿ, ಕೈಯಲ್ಲಿ ತಳ್ಳುವ ಮಿಷನ್ನು ಉಳಿಯಿತು. ಅಂಥದ್ದೊಂದು ಇದೆ ಎಂದು ನನಗೆ ತೋರಿಸಿದ್ದು ಪಲ್ಲವಿಯ ಮೊಬೈಲು. ತಳ್ಳಿದರೆ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಅಲಗು ತಿರುಗುತ್ತದೆ, ಹುಲ್ಲು ತುಂಡಾಗಿ ಹಿಂದಕ್ಕೆ ಬೀಳುತ್ತದೆ. ವಿಡಿಯೋದಲ್ಲಿ ಒಬ್ಬ ಅಜ್ಜ ಬಾಯಲ್ಲಿ ಪೈಪು ಕಚ್ಚಿಕೊಂಡು ಒಂದೇ ಕೈಯಲ್ಲಿ ತಳ್ಳುತ್ತಿದ್ದ. ನಾನು ಅಂಥ ವಿಡಿಯೋ ನೋಡುವ ಚಟಕ್ಕೆ ಬಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಅಲಗಿನ ಉಕ್ಕು, ಹಿಡಿಯ ಎತ್ತರ, ಚಕ್ರದ ರಬ್ಬರು ಎಂದು ಮಾತು ತೆಗೆದರೆ ಸಹೋದ್ಯೋಗಿಗಳು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ನಮ್ಮ ಲಾನಿಗೆ ಹನ್ನೆರಡು ಇಂಚು ಅಗಲದ್ದು ಸಾಕು ಎಂದು ನಾನು ತೀರ್ಮಾನಿಸಿದೆ.

ಮಹಡಿಯಲ್ಲೂ ಅಭ್ಯಾಸ ನಡೆಯುತ್ತಿತ್ತಂತೆ.

"ನಿಮ್ಮಣ್ಣ ಹದಿನಾರು ಇಂಚು ಅಂತಿದಾರೆ" ಎಂದಳು ಸುಮಾ.

"ಹದಿನಾರಾ? ಇದೇನು ಕ್ರಿಕೆಟ್ ಸ್ಟೇಡಿಯಮ್ಮಾ? ತಿರುಗಿಸೋಕೆ ಗೇಟಿನಿಂದ ಆಚೆ ಹೋಗ್ಬೇಕಾಗತ್ತೆ ಅಂತ ಹೇಳು."

ಸಂಜೆ ಉತ್ತರ ಇಳಿದು ಬಂತು. "ಹನ್ನೆರಡು ಇಂಚಲ್ಲಿ ಶುರು ಮಾಡಿದ್ರೆ ಆ ಕಡೆ ತಲುಪೋ ಹೊತ್ತಿಗೆ ಈ ಕಡೆ ಮತ್ತೆ ಬೆಳೆದಿರತ್ತಂತೆ."

ಹನ್ನೆರಡು ಮೇಲಕ್ಕೆ, ಹದಿನಾರು ಕೆಳಕ್ಕೆ. ಕೊನೆಗೆ ಒಂದು ಬೆಳಗ್ಗೆ ಅತ್ತಿಗೆ ಸುಮಾ ಇಬ್ಬರೂ ಮೆಟ್ಟಿಲ ನಡುಮಧ್ಯೆ ನಿಂತು, ಮೇಲೆ ಕೆಳಗೆ ಎರಡೂ ಕಡೆ ಕೇಳುವ ಹಾಗೆ ಘೋಷಿಸಿದರು. "ಇನ್ನು ನಮ್ಮ ಕೈಲಿ ಈ ಪೋಸ್ಟ್‌ಮ್ಯಾನ್ ಕೆಲಸ ಆಗಲ್ಲ. ನೀವಿಬ್ರೂ ಅಂಗಡಿಗೆ ಹೋಗಿ, ಏನ್ ಬೇಕೋ ತಗೊಂಡ್ ಬನ್ನಿ. ಇವತ್ತು ಶನಿವಾರ, ನಾಳೆ ಶಾಸ್ತ್ರ."

ಪಲ್ಲವಿ ಕಾರು ತೆಗೆದಳು. ಅಣ್ಣ ಹಿಂದಿನ ಬಾಗಿಲು ತೆಗೆದು ಕೂತ. ಅವನ ಪಕ್ಕ ಕೂರಬಾರದೆಂದು ನಾನೂ ಸರಸರ ಆ ಕಡೆಯ ಬಾಗಿಲು ತೆಗೆದು ಕೂತೆ. ಕೂತ ಮೇಲೆ ನೋಡಿದರೆ ಅದು ಅವನ ಪಕ್ಕವೇ. ಮುಂದಿನ ಸೀಟು ಖಾಲಿ.

"ನಾನೇನ್ ಕ್ಯಾಬ್ ಡ್ರೈವರಾ? ಒಬ್ರು ಮುಂದೆ ಬನ್ನಿ" ಎಂದಳು ಪಲ್ಲವಿ. ಈಗ ಎದ್ದು ಹೋದವನು ಸೋತ ಹಾಗೆ ಎಂದು ಇಬ್ಬರಿಗೂ ಅನ್ನಿಸಿ ಯಾರೂ ಏಳಲಿಲ್ಲ. ಮೇಖ್ರಿ ಸರ್ಕಲ್ಲಿನಲ್ಲಿ ಕಾರು ನಿಂತಿತು. ನಿಂತೇ ಇತ್ತು.

"ಪಲ್ಲು, ಎ.ಸಿ. ಸ್ವಲ್ಪ ಜಾಸ್ತಿ ಮಾಡು" ಎಂದ ಅಣ್ಣ.

"ಪಲ್ಲು, ಎ.ಸಿ. ಸ್ವಲ್ಪ ಕಮ್ಮಿ ಮಾಡು" ಎಂದೆ ನಾನು.

ಪಲ್ಲವಿ ಎ.ಸಿ. ಆರಿಸಿ ಕಿಟಕಿ ಇಳಿಸಿದಳು. ಯಶವಂತಪುರದವರೆಗೆ ಬಸ್ಸಿನ ಹೊಗೆ ಕುಡಿಯುತ್ತಾ ಹೋದೆವು.

ಅಂಗಡಿಯವನು ಉತ್ಸಾಹಿ. ಹದಿನಾರು ಇಂಚಿನದನ್ನೂ ಹನ್ನೆರಡು ಇಂಚಿನದನ್ನೂ ಪಕ್ಕಪಕ್ಕ ನಿಲ್ಲಿಸಿದ. "ಹೇರ್ ಕಟಿಂಗ್ ಇದ್ದಂಗೆ ಸಾರ್. ಹಿಂಗ್ ಹೋದ್ರೆ ಕಟಿಂಗು, ಹಿಂಗ್ ಬಂದ್ರೆ ಶೇವಿಂಗು."

"ನಮ್ಮ ಹುಲ್ಲು ಸ್ವಲ್ಪ ಉದ್ದ ಇದೆ" ಎಂದೆ.

"ಎಷ್ಟಿದ್ರೇನ್ ಸಾರ್? ಕಬ್ಬಿದ್ರೂ ಎತ್ತುತ್ತೆ" ಎಂದ. ಅಣ್ಣನ ಕಡೆ ತಿರುಗಿ, "ನೀವಿಬ್ರೂ ಒಂದೇ ಮನೇನಾ ಸಾರ್?" ಎಂದು ಕೇಳಿದ.

ಅಣ್ಣ ಛಾವಣಿಯ ಫ್ಯಾನು ನೋಡಿದ. ನಾನು ನೀರಿನ ಪೈಪುಗಳನ್ನು ನೋಡಿದೆ. "ಮನೆ ಒಂದೇ ಅಂಕಲ್, ಮಹಡಿ ಬೇರೆ" ಎಂದಳು ಪಲ್ಲವಿ.

ಅಂಗಡಿಯ ನೆಲಕ್ಕೆ ಹಾಸಿದ್ದ ಚಾಪೆಯ ಮೇಲೆ ನಾನು ಹನ್ನೆರಡು ಇಂಚಿನದನ್ನು ತಳ್ಳಿ ನೋಡಿದೆ. ಹೂವಿನಂತೆ ಹೋಯಿತು. ಅಣ್ಣನಿಗೆ ಕಾಣಲಿ ಎಂದು ವಿಡಿಯೋದ ಅಜ್ಜನ ಹಾಗೆ ಒಂದೇ ಕೈಯಲ್ಲಿ ತಳ್ಳಿದೆ. ಅದೇ ಗತ್ತಿನಲ್ಲಿ ಹಿಂದಕ್ಕೆ ಎಳೆದೆ.

"ಲೋ ನಾಗೂ! ಕಾಲು ಕಣೋ!"

ಚಕ್ರ ಅಣ್ಣನ ಹೆಬ್ಬೆರಳಿನ ಮೇಲೆ ನಿಂತಿತ್ತು. ಪುಣ್ಯಕ್ಕೆ ಚಕ್ರ, ಅಲಗಲ್ಲ.

"ನೋಡ್ಲಿಲ್ಲ ಕಣಣ್ಣ. ಬಹಳ ನೋವಾಯ್ತಾ?"

"ಇಲ್ಲ ಬಿಡು."

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಏನಾಯಿತೆಂದು ಗೊತ್ತಾಯಿತು. ನಾಗು ಎಂದು ಅವನ ಬಾಯಲ್ಲಿ ಕೇಳಿ ಎರಡು ವರ್ಷವಾಗಿತ್ತು. ಇನ್ನೂ ಏನೋ ಕೇಳಲು ಬಾಯಿ ತೆರೆದೆ. ಆದರೆ ಪಲ್ಲವಿ ಕಣ್ಣರಳಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹಾಗೆ ನೋಡಿದರೆ ಯಾರಿಗೆ ತಾನೆ ಮಾತು ಮುಂದುವರಿಯುತ್ತದೆ? ಅಣ್ಣ ಮತ್ತೆ ಫ್ಯಾನು ನೋಡಿದ.

ಅಂಗಡಿಯವನೇ ಒಳಗಿನಿಂದ ಮೂರನೆಯದೊಂದನ್ನು ತಂದ. "ಇದು ಹದಿನಾಲ್ಕು ಇಂಚು ಸಾರ್." ಅದು ನನಗೂ ಬೇಡವಾಗಿತ್ತು, ಅಣ್ಣನಿಗೂ ಬೇಡವಾಗಿತ್ತು. ಆದ್ದರಿಂದ ಇಬ್ಬರೂ ತಲೆಯಾಡಿಸಿದೆವು.

ಮನೆಗೆ ಬಂದು ಜೋಡಿಸಿದೆ. ಎಲ್ಲ ಜೋಡಿಸಿದ ಮೇಲೂ ಒಂದು ಬೋಲ್ಟು ಕೈಯಲ್ಲಿ ಉಳಿಯಿತು. ಅದನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ. ಮಹಡಿಯ ಬಾಲ್ಕನಿಯಲ್ಲಿ ಅಣ್ಣ ಪೇಪರು ಓದುವ ನಾಟಕ ಆಡುತ್ತಾ ನಿಂತಿದ್ದ. ನಾನು ದೇವರನ್ನು ನೆನೆದು ತಳ್ಳಿದೆ.

ಮಿಷನ್ನು ಹೋಯಿತು. ಹುಲ್ಲು ಮಲಗಿತು. ತುಂಡಾಗಲಿಲ್ಲ, ಮಲಗಿತು, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ. ತಿರುಗಿಸಿಕೊಂಡು ಬಂದೆ. ಈ ಸಲ ಬೈತಲೆ ಆ ಕಡೆ ಬಿತ್ತು.

"ಹಿಡೀನ ಕೆಳಗೆ ಒತ್ತಿ ಹಿಡೀಬೇಕು. ಕೆಲವರಿಗೆ ಗೊತ್ತಾಗಲ್ಲ" ಎಂದ ಅಣ್ಣ, ಕರೆಂಟ್ ಕಂಬದ ಮೇಲೆ ಕೂತ ಕಾಗೆಗೆ.

"ಬಾಲ್ಕನಿಲಿ ನಿಂತು ಹೇಳೋದು ಸುಲಭ" ಎಂದೆ ನಾನು, ದಾಸವಾಳದ ಗಿಡಕ್ಕೆ.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಣ್ಣ ಬಂದು ನನ್ನ ಕೈಯಿಂದ ಹಿಡಿ ಕಸಿದುಕೊಂಡು ತಳ್ಳಿದ. ಹುಲ್ಲು ಅವನಿಗೂ ಬಗ್ಗಿ ನಮಸ್ಕಾರ ಮಾಡಿತು. ಮತ್ತೆ ತಳ್ಳಿದ, ಮತ್ತೆ ನಮಸ್ಕಾರ. ಅವನ ಮುಖ ಕೆಂಪಾಯಿತು. ನನಗೆ ನಗು ತಡೆಯಲಾಗದೆ ಕೆಮ್ಮಿದೆ.

"ನಗಬೇಡ. ಮೇಲಿಂದ ಸ್ವಲ್ಪ ಗಿಡ್ಡ ಮಾಡ್ಕೋಬೇಕು ಮೊದಲು."

ಸುಮಾಳ ಬಟ್ಟೆ ಕತ್ತರಿ ಬಂತು, ಅತ್ತಿಗೆಯ ಅಡುಗೆಮನೆ ಕತ್ತರಿ ಬಂತು. ಅಣ್ಣ ಆ ಮೂಲೆಯಿಂದ, ನಾನು ಈ ಮೂಲೆಯಿಂದ ಕುಕ್ಕರಗಾಲಲ್ಲಿ ಕೂತು ಕತ್ತರಿಸುತ್ತಾ ಬಂದೆವು. ಹುಲ್ಲಿನೊಳಗಿಂದ ಮೂರು ಶಟಲ್ ಕಾಕು, ಅತ್ತಿಗೆಯ ಕ್ಲಿಪ್ಪು, ರಬ್ಬರ್ ಬ್ಯಾಂಡ್ ಕೂಡ ಬಿಚ್ಚದ ಒಂದು ಪೇಪರು ಸಿಕ್ಕಿದವು. ಅಣ್ಣ ಅಲ್ಲೇ ಕೂತು ಬಿಡಿಸಿ, ಕಣ್ಣು ಕಿರಿದು ಮಾಡಿ ದಿನಭವಿಷ್ಯ ಓದಿದ.

"ಸಹೋದರರಿಂದ ಲಾಭ ಅಂತಿದೆ."

"ಯಾವತ್ತಿನ ಪೇಪರು?"

"ಯುಗಾದೀದು."

"ಮುಗಿದು ಹೋಯ್ತಲ್ಲ."

"ಹೂಂ. ತಪ್ಪಿ ಹೋಯ್ತು" ಎಂದು ಅದರಿಂದಲೇ ಬೆವರು ಬೀಸಿಕೊಂಡ.

ಆಮೇಲೆ ಮತ್ತೆ ಮಿಷನ್ನು ಹಚ್ಚಿದೆವು. ಒಬ್ಬರು ತಳ್ಳಿದರೆ ಸಾಲುತ್ತಿರಲಿಲ್ಲ, ಒದ್ದೆ ನೆಲದಲ್ಲಿ ಚಕ್ರ ಜಾರುತ್ತಿತ್ತು. ಅಣ್ಣ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿ ತಂದು ಮುಂದಕ್ಕೆ ಕಟ್ಟಿ, ಹೆಗಲಿಗೆ ಹಾಕಿಕೊಂಡು ನಿಂತ. "ನಾನು ಎಳೀತೀನಿ. ನೀನು ಒತ್ತಿ ಹಿಡಿ."

ಎರಡು ವರ್ಷದ ಮೌನ ಮುರಿದು ಅಣ್ಣತಮ್ಮಂದಿರು ಏನು ಮಾತಾಡಿದೆವು ಎಂದು ನೀವು ಕೇಳಬಹುದು. ಹೂಂ, ಎಳಿ. ನಿಲ್ಲು. ಎಡಕ್ಕೆ. ಇನ್ನೂ ಎಡಕ್ಕೆ. ತಿರುಗು, ತಿರುಗು. ಹೋ ಹೋ ಹೋ. ಮೂರು ತಲೆಮಾರಿನ ಹಿಂದೆ ನಮ್ಮ ಹೊಲದಲ್ಲಿ ಎತ್ತಿನ ಜೊತೆ ಆಡಿದ ಮಾತೆಲ್ಲ ಗಂಗಾನಗರದಲ್ಲಿ ಕೇಳಿಸಿತು. ಬೀದಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡಿದರು. ಬಾಲ್ಕನಿಯಲ್ಲಿ ಸುಮಾ ಅತ್ತಿಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ಪಲ್ಲವಿ ವಿಡಿಯೋ ಮಾಡುತ್ತಿದ್ದಳು.

ಸಂಜೆಯ ಹೊತ್ತಿಗೆ ಲಾನು ಒಂದು ರೂಪಕ್ಕೆ ಬಂತು. ಹೊಸದಾಗಿ ಕಸುಬು ಕಲಿಯುವವನ ಕೈಗೆ ಸಿಕ್ಕ ತಲೆಯಂತೆ ಇತ್ತು ಅನ್ನುವುದು ಬೇರೆ ಮಾತು. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಜುಟ್ಟು. ಆದರೂ ಹಸಿರು ವಾಸನೆ ಘಮ್ಮೆನ್ನುತ್ತಿತ್ತು. ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ, ಅಪ್ಪ ಹೇಳಿದ ಹಾಗೆ, ನೋಡಿದೆವು. "ಪರವಾಗಿಲ್ಲ ಅಲ್ವಾ?" ಎಂದ ಅಣ್ಣ. "ಚೆನ್ನಾಗೇ ಬಂದಿದೆ" ಎಂದೆ.

ಅಷ್ಟರಲ್ಲಿ ಶಾಮಿಯಾನದವರ ಟೆಂಪೋ ಬಂತು. ಕಂಬ ಇಳಿಸಿದರು, ಕುರ್ಚಿ ಇಳಿಸಿದರು. ಕೊನೆಗೆ ನಾಲ್ಕು ಜನ ಸೇರಿ ಒಂದು ದಪ್ಪನೆಯ ಸುರು‍ಳಿ ಹೊತ್ತು ತಂದು ಲಾನಿನ ಈ ತುದಿಯಲ್ಲಿಟ್ಟು ಕಾಲಲ್ಲಿ ಒದ್ದರು. ಅದು ಉರುಳಿ ಉರುಳಿ ಆ ತುದಿ ಮುಟ್ಟಿತು. ಅಚ್ಚ ಹಸಿರು ಬಣ್ಣದ ಪ್ಲಾಸ್ಟಿಕ್ ಕಾರ್ಪೆಟ್ಟು. ನಮ್ಮ ಹುಲ್ಲಿನ ಒಂದು ಎಸಳೂ ಕಾಣದಂತೆ ಮುಚ್ಚಿಹೋಯಿತು.

"ಏನಪ್ಪಾ ಇದು?" ಎಂದ ಅಣ್ಣ, ಧ್ವನಿಯೇ ಇಲ್ಲದೆ.

"ಸೂಪರ್ ಕ್ವಾಲಿಟಿ ಸಾರ್" ಎಂದ ಮೇಸ್ತ್ರಿ. "ನೋಡೋರಿಗೆ ಥೇಟ್ ಲಾನ್ ಥರಾನೇ ಕಾಣ್ತದೆ."

ಅಣ್ಣ ನನ್ನನ್ನು ನೋಡಿದ. ನಾನು ಅಣ್ಣನನ್ನು ನೋಡಿದೆ. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಮಜ್ಜಿಗೆ ನೆತ್ತಿಗೆ ಹತ್ತಿ ಅವನು ಕೆಮ್ಮಿದ, ನಾನು ಅವನ ಬೆನ್ನು ತಟ್ಟಿದೆ, ತಟ್ಟುತ್ತಲೇ ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಶಾಮಿಯಾನದವರು ಇವರಿಗೇನೋ ಆಗಿದೆ ಎಂದು ದೂರ ಸರಿದು ಕೆಲಸ ಮಾಡಿದರು.

ನಾನು ಸ್ನಾನ ಮಾಡಿ ಬಂದು ಟಿವಿ ಮುಂದೆ ಕೂತಿದ್ದೆ. ಕಾಲಿಂಗ್ ಬೆಲ್ಲು ಆಯಿತು. ನಮ್ಮ ಮನೆಯಲ್ಲಿ ಯಾರೂ ಬೆಲ್ ಒತ್ತುವುದಿಲ್ಲ, ಬಾಗಿಲು ತಳ್ಳಿಕೊಂಡೇ ಬರುತ್ತಾರೆ. ತೆಗೆದು ನೋಡಿದರೆ ಅಣ್ಣ, ಅತ್ತಿಗೆ. ಅಣ್ಣ ಜರಿ ಪಂಚೆ ಉಟ್ಟು ಶಲ್ಯ ಹೊದ್ದಿದ್ದ. ಕಿವಿಯ ಮೇಲೆ ಮಾತ್ರ ಒಂದು ಹುಲ್ಲಿನ ಎಸಳು ಉಳಿದಿತ್ತು. ಅತ್ತಿಗೆ ರೇಷ್ಮೆ ಸೀರೆಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

"ಮನೇಲಿದೀರಾ?" ಎಂದ ಅಣ್ಣ.

"ಇದೀವಿ. ಬನ್ನಿ, ಬನ್ನಿ" ಎಂದೆ. ನನ್ನ ಬಾಯಲ್ಲೂ ತಾನಾಗಿ ಬಹುವಚನ ಬಂತು.

ಇಬ್ಬರೂ ಒಳಗೆ ಬಂದು ಸೋಫಾದ ತುದಿಯಲ್ಲಿ, ಹೊಸ ನೆಂಟರ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತರು. ಸುಮಾ ಕಾಫಿ ತಂದಳು. ಅತ್ತಿಗೆ ಅವಳಿಗೆ ಕುಂಕುಮ ಕೊಟ್ಟರು. ಅಣ್ಣ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು ಎದ್ದು ನಿಂತ. ನಾನೂ ಎದ್ದೆ. ಅವನು ನನ್ನ ಕೈಗೆ ಅಕ್ಷತೆ ಹಾಕಿದ. ಹಗ್ಗ ಎಳೆದ ಗುರುತು ಅವನ ಅಂಗೈಯಲ್ಲಿ ಕೆಂಪಗೆ ಎದ್ದಿತ್ತು.

"ನಾಳೆ ನಮ್ಮ ಮಗಳ ನಿಶ್ಚಿತಾರ್ಥ. ತಾವು ಕುಟುಂಬ ಸಮೇತ ಬರಬೇಕು. ಮುಂದೆ ನಿಂತು ನಡೆಸಿಕೊಡಬೇಕು."

ನಾನು ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಖಂಡಿತ ಬರ್ತೀವಿ. ಮನೆ ಎಲ್ಲಿ ಬರತ್ತೆ?" ಎಂದೆ.

ಅಣ್ಣ ನಗಲಿಲ್ಲ. ಗಂಭೀರವಾಗಿಯೇ ಹೇಳಿದ. "ಇಲ್ಲಿಂದ ಆಚೆ ಬಂದು ಎಡಕ್ಕೆ ತಿರುಗಿ, ಮೆಟ್ಟಿಲು ಹತ್ತಿ. ಯಾರನ್ನ ಕೇಳಿದ್ರೂ ತೋರಿಸ್ತಾರೆ."

ಸುಮಾ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ನಗುವುದಕ್ಕೋ ಅಳುವುದಕ್ಕೋ, ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಸಿಲ್ಕ್ ಪಂಚೆ ಉಟ್ಟೆ. ಮನೆಗೆ ಬೀಗ ಹಾಕಿ, ಹೆಂಡತಿ ಸಮೇತ ಆಚೆ ಬಂದು ಎಡಕ್ಕೆ ತಿರುಗಿ ಮೆಟ್ಟಿಲು ಹತ್ತಿದೆ. ಮಾವಿನ ತೋರಣದ ಕೆಳಗೆ ಪನ್ನೀರಿನ ಚೊಂಬು ಹಿಡಿದುಕೊಂಡು ಅಣ್ಣ ನಿಂತಿದ್ದ. ಎರಡು ಹೆಜ್ಜೆ ಮುಂದೆ ಬಂದು, ನನ್ನ ಮೇಲೆ ಬೇಕೆಂದೇ ಎರಡು ಪಟ್ಟು ಪನ್ನೀರು ಎರಚಿ ಕೇಳಿದ.

"ಮನೆ ಹುಡುಕೋಕೆ ಕಷ್ಟ ಆಯ್ತೇನೋ?"